ಹುಲಿಯ ಹೊಟ್ಟೆಯೊಳಗಿನ ಆರ್ಗನ್: ಹಳೆಯ ಯಂತ್ರವಾದ್ಯಗಳನ್ನು ಕೊಳ್ಳುವ, ಉಳಿಸುವ ಕೆಲಸ

ಟಿಪ್ಪುವಿನ ಹುಲಿ, ಬಿಳಿಯನೊಬ್ಬನ ಮೇಲೆ ಎರಗಿ ನಿಂತ ಆ ಮರದ ಹುಲಿ, ಅಂದ ತಕ್ಷಣ ನಮ್ಮಲ್ಲಿ ಮಾತು ಬೇರೆ ಕಡೆ ಹೊರಳುತ್ತದೆ. ಯಾರು ಹೊತ್ತುಕೊಂಡು ಹೋದರು, ಯಾವಾಗ ವಾಪಸ್ ಕೊಡುತ್ತಾರೆ, ಹುಲಿಯ ಕೆಳಗೆ ಬಿದ್ದಿರುವ ಆ ಬಿಳಿಯ ಯಾರು? ಆ ಚರ್ಚೆ ಬೇಕು, ನಡೆಯಲಿ. ಇವತ್ತು ಮಾತ್ರ ನಾನು ನಿಮ್ಮನ್ನು ಆ ಹುಲಿಯ ಹೊಟ್ಟೆಯೊಳಕ್ಕೆ ಕರೆದುಕೊಂಡು ಹೋಗುತ್ತೇನೆ. ಯಾಕೆಂದರೆ ಅದು ಒಂದು ವಾದ್ಯ. ನಮ್ಮ ನೆಲದಲ್ಲಿ ತಯಾರಾಗಿ, ಲಂಡನ್ನಿನ ಮ್ಯೂಸಿಯಂ ಸೇರಿ, ಒಡೆದು, ಮತ್ತೆ ಜೋಡಣೆಯಾಗಿ ಇವತ್ತಿಗೂ ಉಳಿದಿರುವ ಯಂತ್ರವಾದ್ಯ. ಹಳೆಯ ಯಂತ್ರವಾದ್ಯಗಳನ್ನು ಮ್ಯೂಸಿಯಂಗಳು ಹೇಗೆ ಸಂಪಾದಿಸುತ್ತವೆ, ಹೇಗೆ ದುರಸ್ತಿ ಮಾಡುತ್ತವೆ, ಎಲ್ಲಿ ಎಡವುತ್ತವೆ ಅನ್ನುವ ಇಡೀ ಕಥೆ ಈ ಒಂದು ಹುಲಿಯ ಮೈಮೇಲೆಯೇ ಇದೆ.

ಮೊದಲು ಅದು ಹೇಗೆ ಕೆಲಸ ಮಾಡುತ್ತದೆ ಅಂತ ನೋಡೋಣ. ಕಾಲ 1793ರ ಆಸುಪಾಸು. ಉದ್ದ 178 ಸೆಂಟಿಮೀಟರ್, ಎತ್ತರ ಸುಮಾರು 71 ಸೆಂಟಿಮೀಟರ್. ಮರದಲ್ಲಿ ಕೆತ್ತಿ ಬಣ್ಣ ಬಳಿದದ್ದು. ಪಕ್ಕದಲ್ಲಿ ತಿರುಗಿಸುವ ಹಿಡಿಕೆ ಇದೆ. ಅದನ್ನು ತಿರುಗಿಸಿದರೆ ಒಳಗೆ ಏಕಕಾಲಕ್ಕೆ ಹಲವು ಕೆಲಸ ಶುರುವಾಗುತ್ತವೆ. ಒಂದು ತಿದಿ ಆ ಮನುಷ್ಯನ ಗಂಟಲಲ್ಲಿರುವ ಕೊಳವೆಗೆ ಗಾಳಿ ಊದುತ್ತದೆ, ಅವನ ಬಾಯಿಂದ ಗೋಳು ಹೊರಡುತ್ತದೆ. ಜೊತೆಗೇ ಅವನ ಎಡಗೈ ಮೇಲೇಳುತ್ತದೆ, ಇಳಿಯುತ್ತದೆ. ಕೈಯ ಚಲನೆಗೂ ದನಿಗೂ ಒಳಗೆ ನಂಟು ಇಟ್ಟಿದ್ದಾರೆ: ಕೈ ಏರಿಳಿದಂತೆ ಗೋಳಿನ ಶ್ರುತಿಯೂ ಏರಿಳಿಯುತ್ತದೆ. ಹುಲಿಯ ತಲೆಯೊಳಗೆ ಬೇರೊಂದು ಏರ್ಪಾಡು. ಅಲ್ಲಿನ ಕೊಳವೆ ಎರಡು ಸ್ವರದಲ್ಲಿ ಗುರುಗುಡುತ್ತದೆ. ಇಷ್ಟು ಸಾಲದೆಂದು ಹುಲಿಯ ಮಗ್ಗುಲಲ್ಲಿ ಒಂದು ಮುಚ್ಚಳ. ಅದನ್ನು ತೆರೆದರೆ ದಂತದ 18 ಕೀಲಿಗಳ, ಕೊಳವೆಗಳಿಗೆ ಗಾಳಿ ಊದಿ ನುಡಿಸುವ ಪುಟ್ಟ ಆರ್ಗನ್ ವಾದ್ಯ. ಅಂದರೆ ಒಬ್ಬರು ಹಿಡಿಕೆ ತಿರುಗಿಸುತ್ತಿದ್ದರೆ ಇನ್ನೊಬ್ಬರು ಕೂತು ರಾಗ ನುಡಿಸಬಹುದು. ಹುಲಿ ಗುರುಗುಟ್ಟುತ್ತಿರುತ್ತದೆ, ಮನುಷ್ಯ ಗೋಳಿಡುತ್ತಿರುತ್ತಾನೆ, ನಡುವೆ ಸಂಗೀತ. ಇದನ್ನು ಕಲ್ಪಿಸಿಕೊಂಡ ಕುಶಲಕರ್ಮಿಗಳ ಹೆಸರು ನಮಗೆ ತಿಳಿಯದೆ ಹೋಯಿತಲ್ಲ ಅಂತ ನನಗೆ ಬಹಳ ಬೇಸರ.

1799ರ ಮೇ 4ರಂದು ಶ್ರೀರಂಗಪಟ್ಟಣ ಬಿತ್ತು. ಅರಮನೆಯಲ್ಲಿ ವಾದ್ಯಗಳನ್ನಿಟ್ಟಿದ್ದ ಕೋಣೆಯಲ್ಲಿ ಹುಲಿ ಸಿಕ್ಕಿತು. ಮಾರನೆಯ ವರ್ಷ ಅದು ಲಂಡನ್ ತಲುಪಿತು. 1808ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಲೆಡನ್‌ಹಾಲ್ ಬೀದಿಯ ಕಚೇರಿಯಲ್ಲಿ ಪ್ರದರ್ಶನಕ್ಕಿಟ್ಟರು. ಅಲ್ಲಿಂದ ಈ ವಾದ್ಯದ ನಿಜವಾದ ಕಷ್ಟ ಶುರು. ಬಂದ ಜನ ಹಿಡಿಕೆ ತಿರುಗಿಸಿದರು. ದಶಕಗಟ್ಟಲೆ ತಿರುಗಿಸಿದರು. ಅದೇ ಕಟ್ಟಡದ ಗ್ರಂಥಾಲಯದಲ್ಲಿ ಓದುತ್ತಿದ್ದವರಿಗೆ ಈ ಸದ್ದು ತಲೆನೋವಾಗಿತ್ತು. 1869ರ ಹೊತ್ತಿಗೆ ಲಂಡನ್ನಿನ ಪತ್ರಿಕೆಯೊಂದು, ಹಿಡಿಕೆ ಕಳೆದುಹೋಗಿದೆ, ಒಳಗಿನ ಕೆಲವು ಭಾಗ ಕಟ್ಟಿಕೊಂಡಿದೆ, ಸದ್ಯ ಕಾಟ ತಪ್ಪಿತು ಅನ್ನುವ ಅರ್ಥದಲ್ಲಿ ಬರೆಯಿತು. 1880ರಲ್ಲಿ ಹುಲಿ ಈಗ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಎಂದು ಕರೆಯುವ ಮ್ಯೂಸಿಯಂಗೆ ಸೇರಿತು. ಎರಡನೇ ಮಹಾಯುದ್ಧದ ಬಾಂಬ್ ದಾಳಿಯಲ್ಲಿ ಚಾವಣಿ ಕುಸಿದು ಮರದ ಮೈ ನೂರಾರು ಚೂರಾಯಿತು. ಆ ಚೂರುಗಳನ್ನೆಲ್ಲ ಹೆಕ್ಕಿ ಕೂಡಿಸಿ 1947ರಷ್ಟೊತ್ತಿಗೆ ಮತ್ತೆ ಪ್ರದರ್ಶನಕ್ಕಿಟ್ಟರು. ಆ ತಾಳ್ಮೆಗೆ ಕೈಮುಗಿಯಬೇಕು.

ಆದರೆ ಒಳಗಿನ ಯಂತ್ರದ ಮಾತು ಬೇರೆ. ಕಾಲಕಾಲಕ್ಕೆ ಅದನ್ನು ರಿಪೇರಿ ಮಾಡಿದವರು ಯುರೋಪಿನ ಆರ್ಗನ್ ಬಲ್ಲವರು. ತಮಗೆ ಗೊತ್ತಿದ್ದ ರೀತಿಯಲ್ಲಿ, ಚೆನ್ನಾಗಿ ನುಡಿಯಬೇಕು ಅನ್ನುವ ಉದ್ದೇಶದಿಂದಲೇ ಮಾಡಿದರು. 1980ರ ದಶಕದಲ್ಲಿ ಯಂತ್ರವಾದ್ಯಗಳ ಇತಿಹಾಸಕಾರ ಆರ್ಥರ್ ಆರ್ಡ್-ಹ್ಯೂಮ್ ಇದನ್ನು ಅಧ್ಯಯನ ಮಾಡಿ, ದುರಸ್ತಿಯ ಹೆಸರಿನಲ್ಲಿ ಮೂಲ ರಚನೆಯ ಬಹುಭಾಗ ಮಾರ್ಪಟ್ಟಿದೆ ಎಂದು ಬರೆದರು. ಹಾಗಾದರೆ ಇವತ್ತು ವಿಡಿಯೋದಲ್ಲಿ ನೀವು ಕೇಳುವ ಆ ಗುರುಗುಟ್ಟು, ಆ ಗೋಳು ಯಾರದು? ಟಿಪ್ಪು ಕೇಳಿದ್ದು ಎಷ್ಟು, ಆಮೇಲಿನ ರಿಪೇರಿಯವರು ಕೊಟ್ಟದ್ದು ಎಷ್ಟು? ಗೆರೆ ಎಳೆದು ಹೇಳುವಷ್ಟು ಸಾಕ್ಷ್ಯ ಉಳಿದಿಲ್ಲ. ತೆಗೆದುಹಾಕಿದ ಪ್ರತಿ ಹಳೆಯ ತೊಗಲಿನ ಚೂರು, ಪ್ರತಿ ಕಡ್ಡಿ, ಪ್ರತಿ ಕವಾಟ ಒಂದು ಡಬ್ಬಿಯಲ್ಲಿ ಚೀಟಿ ಸಮೇತ ಉಳಿದಿದ್ದರೆ ಇವತ್ತು ನಾವು ಆ ದನಿಯನ್ನು ಹುಡುಕಿ ಹೊರಡಬಹುದಿತ್ತು.

ನಾನು ಈ ಸಂಜೆ ಹೇಳಬೇಕೆಂದಿರುವುದೇ ಅದು. ಯಂತ್ರವಾದ್ಯದಲ್ಲಿ ಸಂಗೀತಗಾರ ಒಳಗೇ ಇರುತ್ತಾನೆ. ರಿಪೇರಿ ಮಾಡುವವನ ಕೈ ನೇರ ಆ ಸಂಗೀತಗಾರನ ಮೇಲೆ ಬೀಳುತ್ತದೆ.

ಇದು ಉಳಿದ ವಾದ್ಯಗಳಿಗಿಂತ ಹೇಗೆ ಬೇರೆ? ವೀಣೆಯನ್ನು ತೆಗೆದುಕೊಳ್ಳಿ. ಮೇಣ ಹೊಸದಾಗಿ ಹಾಕಿ ಮೆಟ್ಟಿಲು ಕೂರಿಸಿದರೆ ವೀಣೆ ಬದಲಾಗುತ್ತದೆ, ಸರಿ. ಆದರೆ ತೋಡಿ ರಾಗ ವೀಣೆಯಲ್ಲಿಲ್ಲ, ನುಡಿಸುವವರ ಬೆರಳಲ್ಲಿದೆ. ಸಂಗೀತ ಪೆಟ್ಟಿಗೆಯಲ್ಲಿ ಹಾಗಲ್ಲ. ಅಲ್ಲಿ ಹಿತ್ತಾಳೆಯ ಉರುಳೆಯ ಮೇಲೆ ಸಾವಿರಾರು ಸಣ್ಣ ಮೊಳೆ ನೆಟ್ಟಿರುತ್ತಾರೆ. ಪ್ರತಿ ಮೊಳೆಯೂ ಒಂದು ಸ್ವರ. ಮೊಳೆ ಕೂದಲೆಳೆಯಷ್ಟು ಬಾಗಿದರೆ ಸ್ವರ ಬೇಗ ಬರುತ್ತದೆ ಅಥವಾ ತಡವಾಗುತ್ತದೆ. ತಾನಾಗಿ ನುಡಿಯುವ ಕಾಗದದ ಸುರುಳಿಯ ಪಿಯಾನೋದಲ್ಲಿ ಆ ಕೆಲಸ ಕಾಗದದ ತೂತಿನದು, ಬೀದಿ ಆರ್ಗನ್ನಿನಲ್ಲಿ ರಟ್ಟಿನ ಪುಸ್ತಕದ ತೂತಿನದು, ತಟ್ಟೆಯ ಪೆಟ್ಟಿಗೆಯಲ್ಲಿ ಲೋಹದ ತಟ್ಟೆಯ ಕೊಕ್ಕೆಯದು.

ಇದರಿಂದ ಇತಿಹಾಸಕ್ಕೆ ಎಂಥ ಲಾಭ ಅಂತ ಒಂದು ಉದಾಹರಣೆ ಹೇಳುತ್ತೇನೆ. ಹದಿನೆಂಟನೇ ಶತಮಾನದಲ್ಲಿ ಹಂಗೇರಿಯ ಎಸ್ಟರ್‌ಹಾಜಿ ದೊರೆಗಳ ಆಸ್ಥಾನದಲ್ಲಿ ಹೇಡನ್ ಎಂಬ ಹೆಸರಾಂತ ರಚನಕಾರ ಸಂಗೀತಗಾರನಾಗಿದ್ದ. ಅಲ್ಲಿನ ಗ್ರಂಥಪಾಲಕ ಪ್ರಿಮಿಟಿವಸ್ ನೀಮೆಟ್ಸ್ ಎಂಬ ಸನ್ಯಾಸಿ ಗಡಿಯಾರದೊಳಗೆ ಪುಟ್ಟ ಕೊಳವೆಗಳ ಆರ್ಗನ್ ಕಟ್ಟುವುದರಲ್ಲಿ ನಿಪುಣ. ಹೇಡನ್ ಬರೆದುಕೊಟ್ಟ ತುಣುಕುಗಳನ್ನು ಆತ ಉರುಳೆಯ ಮೇಲೆ ಮೊಳೆಯಾಗಿ ನೆಟ್ಟ. 1792, 1793ರ ಅಂಥ ಗಡಿಯಾರಗಳು ಉಳಿದಿವೆ. ನಮ್ಮ ಸಂಗೀತದವರಿಗೆ ಚೆನ್ನಾಗಿ ಗೊತ್ತು, ಸ್ವರಲಿಪಿ ನೋಡಿದರೆ ಗಮಕ ಸಿಗುವುದಿಲ್ಲ. ಅವರಲ್ಲೂ ಅಷ್ಟೇ. ಕಾಗದದ ಮೇಲೆ ಅಲಂಕಾರದ ಗುರುತು ಇರುತ್ತದೆ, ಅದನ್ನು ಹಾಡುವುದು ಹೇಗೆ ಅನ್ನುವುದು ಗುರುಮುಖದಿಂದ ಬರಬೇಕು. ಈ ಗಡಿಯಾರದಲ್ಲಿ ಆ ಅಲಂಕಾರ ಒಂದೊಂದು ಮೊಳೆಯಾಗಿ ನಿಂತಿದೆ. ಹೇಡನ್ನನ ಕಾಲದ ಕಿವಿಗೆ ಒಪ್ಪಿದ ಕಂಪನ ಎಷ್ಟು ಬಾರಿ, ಯಾವ ಸ್ವರದಿಂದ ಶುರು ಅಂತ ಎಣಿಸಿ ನೋಡಬಹುದು. ಮೊಜಾರ್ಟನೂ 1790–91ರಲ್ಲಿ ವಿಯೆನ್ನಾದ ಒಬ್ಬ ಶ್ರೀಮಂತನ ಪ್ರದರ್ಶನ ಗೃಹದ ಯಂತ್ರ ಆರ್ಗನ್ನಿಗೆ ಸಂಗೀತ ಬರೆದ. ಅವು ಗಂಭೀರವಾದ, ದೊಡ್ಡ ರಚನೆಗಳು. ಆ ಯಂತ್ರ ಉಳಿಯಲಿಲ್ಲ. ಇವತ್ತು ಕಲಾವಿದರು ಅದನ್ನು ಕೈಯಿಂದ ನುಡಿಸುತ್ತಾರೆ, ಚೆನ್ನಾಗಿಯೇ ನುಡಿಸುತ್ತಾರೆ. ಆದರೆ ಯಂತ್ರ ಹೇಗೆ ನುಡಿಸಿತ್ತು ಎಂಬ ಸಾಕ್ಷ್ಯ ಹೋಯಿತು.

ಇನ್ನು ಕಾಗದದ ಸುರುಳಿ. 1904ರಲ್ಲಿ ಜರ್ಮನಿಯ ಫ್ರೈಬುರ್ಗ್ ಊರಿನ ವೆಲ್ಟೆ ಕಂಪನಿ ಒಂದು ಪಿಯಾನೋ ಏರ್ಪಾಡು ತಂದಿತು. ಕಲಾವಿದ ನುಡಿಸಿದ್ದನ್ನು ಸ್ವರ ಮಾತ್ರವಲ್ಲ, ಒತ್ತಿನ ಸಮೇತ ಸುರುಳಿಗೆ ಇಳಿಸುವ ಏರ್ಪಾಡು. 1905ರ ನವೆಂಬರ್ 9ರಂದು ಆಸ್ಟ್ರಿಯಾದ ಸಂಗೀತ ರಚನಕಾರ ಗುಸ್ಟಾವ್ ಮಾಲರ್ ಲೈಪ್‌ಜಿಗ್‌ನಲ್ಲಿ ಅದರ ಮುಂದೆ ಕೂತು ನುಡಿಸಿದ. ಮಾಲರ್ ನುಡಿಸಿದ್ದು ನಮಗೆ ಸಿಗುವುದು ಆ ಸುರುಳಿಗಳಿಂದ ಮಾತ್ರ. ಈಗ ಯೋಚನೆ ಮಾಡಿ. ಆ ಸುರುಳಿಯನ್ನು ಹಾಕುವ ಪಿಯಾನೋದ ತಿದಿ ಸೋರುತ್ತಿದ್ದರೆ? ಮೋಟಾರು ಸ್ವಲ್ಪ ಜೋರಾಗಿ ಓಡಿದರೆ? ಮಾಲರ್ ಅವಸರದ ಮನುಷ್ಯನಂತೆ ಕೇಳಿಸುತ್ತಾನೆ. ಕೇಳುವವರು ಅದನ್ನೇ ಮಾಲರ್ ಎಂದು ನಂಬುತ್ತಾರೆ. ಕೆಟ್ಟ ದುರಸ್ತಿಯಾದ ಯಂತ್ರದಿಂದ ಧ್ವನಿಮುದ್ರಿಸಿದ ಎಷ್ಟೋ ಹಳೆಯ ರೆಕಾರ್ಡುಗಳಿಂದಾಗಿ, ಸುರುಳಿ ಪಿಯಾನೋ ಅಂದರೆ ಜೀವವಿಲ್ಲದ ಟಕಟಕ ಎಂಬ ಅಭಿಪ್ರಾಯ ಬೇರೂರಿತು. ತಪ್ಪು ಯಂತ್ರದ್ದಲ್ಲ, ಸೋರುವ ತೊಗಲಿನದು.

ಈಗ ಕಾರ್ಯಾಗಾರಕ್ಕೆ ಬರೋಣ. ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ನಿಮ್ಮಲ್ಲಿ ಕೆಲವರ ಮನೆಯಲ್ಲೂ ಇಂಥ ಪೆಟ್ಟಿಗೆ ಇರಬಹುದು.

1796ರಲ್ಲಿ ಜಿನೀವಾದ ಆಂತ್ವಾನ್ ಫಾವ್ರ್ ಎಂಬ ಗಡಿಯಾರದವನು, ಗಂಟೆಗಳ ಬದಲು ಉಕ್ಕಿನ ಹಲ್ಲುಗಳನ್ನು ಮೀಟಿ ಸ್ವರ ಹೊರಡಿಸಬಹುದು ಎಂದು ತೋರಿಸಿದ. ಅಲ್ಲಿಂದ ಸ್ವಿಟ್ಜರ್ಲೆಂಡಿನ ಜೂರಾ ಬೆಟ್ಟದ ಸಾಂತ್-ಕ್ರ್ವಾ ಸೀಮೆಯಲ್ಲಿ ಇದು ಮನೆಮನೆಯ ಕಸುಬಾಯಿತು. ಒಳಗೆ ಇರುವುದು ಇಷ್ಟು: ಕೀ ಕೊಡುವ ಸ್ಪ್ರಿಂಗು, ಮೊಳೆ ನೆಟ್ಟ ಉರುಳೆ, ಉಕ್ಕಿನ ಬಾಚಣಿಗೆ, ಮತ್ತು ವೇಗ ಹಿಡಿದಿಡುವ ಸಣ್ಣ ಗಾಳಿರೆಕ್ಕೆ. ಆ ರೆಕ್ಕೆ ಗಿರ್ರನೆ ಸುತ್ತುತ್ತಾ ಗಾಳಿಯ ತಡೆಯಿಂದ ಉರುಳೆಯನ್ನು ನಿಧಾನವಾಗಿ ತಿರುಗುವಂತೆ ಮಾಡುತ್ತದೆ. ಇಡೀ ಪೆಟ್ಟಿಗೆಯ ಪ್ರಾಣ ಅಲ್ಲಿದೆ. ಸ್ಪ್ರಿಂಗಿನಲ್ಲಿ ಪೂರ್ತಿ ಕೀ ಇದ್ದಾಗ ಆ ರೆಕ್ಕೆಯ ಹಲ್ಲುಚಕ್ರ ಮುರಿದರೆ, ಅಥವಾ ತಿಳಿಯದವರು ಸ್ಕ್ರೂ ಬಿಚ್ಚಿ ರೆಕ್ಕೆಯನ್ನು ಕಳಚಿದರೆ, ತಡೆಯೇ ಇಲ್ಲದ ಉರುಳೆ ಕೆಲವೇ ಸೆಕೆಂಡಿನಲ್ಲಿ ಹುಚ್ಚುಹಿಡಿದಂತೆ ಸುತ್ತಿ ನಿಲ್ಲುತ್ತದೆ. ಅಷ್ಟರಲ್ಲಿ ಮೊಳೆಗಳು ಬಾಗಿ ಮುರಿದಿರುತ್ತವೆ, ಬಾಚಣಿಗೆಯ ಹಲ್ಲುಗಳು ಉದುರಿರುತ್ತವೆ. ನೂರೈವತ್ತು ವರ್ಷ ಉಳಿದದ್ದು ಒಂದು ಉಸಿರಿನಷ್ಟು ಹೊತ್ತಿನಲ್ಲಿ ಹೋಗುತ್ತದೆ. ಆದ್ದರಿಂದ ನಮ್ಮ ಮೊದಲ ನಿಯಮ: ಸ್ಪ್ರಿಂಗಿನ ಬಲವನ್ನು ಪೂರ್ತಿ ಇಳಿಸದೆ ಒಂದು ಸ್ಕ್ರೂವನ್ನೂ ಮುಟ್ಟಬಾರದು.

ಉರುಳೆಯ ಒಳಗೋಡೆಗೆ ರಾಳದಂಥ ಒಂದು ವಸ್ತುವನ್ನು ಕಾಯಿಸಿ ಹುಯ್ದಿರುತ್ತಾರೆ. ಮೊಳೆಗಳ ಬುಡ ಅಲ್ಲಾಡದಂತೆ ಅದು ಹಿಡಿದಿರುತ್ತದೆ. ಪೆಟ್ಟಿಗೆಯನ್ನು ವರ್ಷಗಟ್ಟಲೆ ಬಿಸಿಲು ಬೀಳುವ ಕಿಟಕಿಯ ಪಕ್ಕ ಇಟ್ಟರೆ ಆ ರಾಳ ಮೆತ್ತಗಾಗಿ ಒಂದು ಕಡೆ ಜಾರುತ್ತದೆ. ಆಮೇಲೆ ಉರುಳೆಯ ತೂಕ ಒಂದೇ ಬದಿಗೆ, ಹಾಡಿನ ಅರ್ಧ ಓಟ, ಅರ್ಧ ಕುಂಟು.

ಬಾಚಣಿಗೆಯ ಕಡೆ ನೋಡಿ. ಮಂದ್ರದ ಹಲ್ಲುಗಳ ಅಡಿಯಲ್ಲಿ ಸೀಸದ ತುಂಡು ಬೆಸೆದಿರುತ್ತಾರೆ. ತೂಕ ಹೆಚ್ಚಿದಷ್ಟೂ ಶ್ರುತಿ ಕೆಳಗೆ. ಈ ಸೀಸಕ್ಕೆ ಶತ್ರು ಹೊರಗಿನಿಂದ ಬರುವುದಿಲ್ಲ, ಪೆಟ್ಟಿಗೆಯ ಮರದಲ್ಲೇ ಇರುತ್ತದೆ. ಓಕ್‌ನಂಥ ಮರಗಳಿಂದ ಹುಳಿಯ ಆವಿ ಸದಾ ಹೊರಡುತ್ತಿರುತ್ತದೆ. ಮುಚ್ಚಿದ ಪೆಟ್ಟಿಗೆಯಲ್ಲಿ, ತೇವದ ಹವೆಯಲ್ಲಿ ಅದು ಸೀಸವನ್ನು ಬಿಳಿ ಪುಡಿ ಮಾಡುತ್ತದೆ. ಸೀಸ ಉಬ್ಬಿ ಪಕ್ಕದ ಹಲ್ಲಿಗೆ ಒತ್ತುತ್ತದೆ, ಶ್ರುತಿ ಕೆಡುತ್ತದೆ. ನಮ್ಮ ಕರಾವಳಿಯ, ಮಲೆನಾಡಿನ ಮಳೆಗಾಲದಲ್ಲಿ ಇದು ಇನ್ನೂ ಬೇಗ. ಆ ಬಿಳಿ ಪುಡಿ ವಿಷ, ಬರಿಗೈಯಿಂದ ಒರೆಸಬೇಡಿ, ಊದಲೂ ಬೇಡಿ.

ಇನ್ನೂ ಸೂಕ್ಷ್ಮವಾದದ್ದು ಹಲ್ಲಿನ ಅಡಿಯಲ್ಲಿರುವ ತಡೆ. ಕೂದಲಿನಷ್ಟು ತೆಳುವಾದ ಉಕ್ಕಿನ ತಂತಿ, ತಾರಸ್ಥಾಯಿಯಲ್ಲಿ ಎಷ್ಟೋ ವೇಳೆ ಹಕ್ಕಿಗರಿಯ ಚೂರು. ಹಲ್ಲು ಇನ್ನೂ ಕಂಪಿಸುತ್ತಿರುವಾಗಲೇ ಅದೇ ಸ್ವರದ ಇನ್ನೊಂದು ಮೊಳೆ ಬಂದು ತಾಗಿದರೆ ಕಿರ್ ಎಂಬ ಸದ್ದು ಬರುತ್ತದೆ. ಆ ಸದ್ದು ಬಾರದಂತೆ ಮುಂಚೆಯೇ ಕಂಪನ ನಿಲ್ಲಿಸುವುದು ಈ ತಡೆಯ ಕೆಲಸ. ಇವನ್ನು ಒಂದೊಂದಾಗಿ ಬಾಗಿಸಿ ಕೂರಿಸಬೇಕು. ಭೂತಗನ್ನಡಿ, ಚಿಮುಟ, ಒಳ್ಳೆಯ ಬೆಳಕು, ಮತ್ತೆ ದಿನಗಟ್ಟಲೆ ಬಗ್ಗಿದ ಕತ್ತು.

ಇಷ್ಟು ಹೇಳಿದ ಮೇಲೆ ಅಂಟಿನ ವಿಷಯ ಹೇಳದಿದ್ದರೆ ಆಗದು. ಹಳೆಯ ಆರ್ಗನ್ನು, ಸುರುಳಿ ಪಿಯಾನೋ ಎಲ್ಲ ತೊಗಲು ಕಾಯಿಸಿ ಮಾಡಿದ ಸರೇಸಿನಿಂದ ಅಂಟಿಸಿದವು. ಅದರ ಗುಣ ನೋಡಿ: ನೂರು ವರ್ಷ ಬಿಗಿಯಾಗಿ ಹಿಡಿಯುತ್ತದೆ, ಆದರೆ ಸ್ವಲ್ಪ ಬಿಸಿ, ಸ್ವಲ್ಪ ತೇವ ಕೊಟ್ಟರೆ ಮರಕ್ಕೆ ನೋವಾಗದಂತೆ ಬಿಟ್ಟುಕೊಡುತ್ತದೆ. ಕಟ್ಟಿದವರಿಗೆ ಗೊತ್ತಿತ್ತು, ತಿದಿಯ ತೊಗಲು ಸವೆಯುತ್ತದೆ, ಮುಂದೆ ಯಾರೋ ಬಿಚ್ಚಬೇಕು ಅಂತ. ಮುಂದಿನವನಿಗೆ ದಾರಿ ಬಿಟ್ಟು ಕಟ್ಟಿದರು. ಆಮೇಲೆ ಬಂದವರು ಅಂಗಡಿಯ ಬಿಳಿ ಅಂಟು ಬಳಿದರು. ಅದು ಮರದ ರಂಧ್ರಕ್ಕೆ ಇಳಿದು ಗಟ್ಟಿಯಾಗುತ್ತದೆ. ಬಿಚ್ಚಬೇಕಾದರೆ ಮರವನ್ನೇ ಕಿತ್ತು ತೆಗೆಯಬೇಕು, ಆ ಜಾಗಕ್ಕೆ ಮತ್ತೆ ಸರೇಸು ಹಿಡಿಯುವುದೂ ಇಲ್ಲ. ಒಳ್ಳೆಯ ಮನಸ್ಸಿನಿಂದ ಮಾಡಿದ ರಿಪೇರಿಯಿಂದ ಹಾಳಾದಷ್ಟು ಯಂತ್ರವಾದ್ಯಗಳು ಬಹುಶಃ ಗೆದ್ದಲಿನಿಂದಲೂ ಹಾಳಾಗಿಲ್ಲ.

ಹೊಳಪು ಕೊಡುವ ಚಟವೂ ಅಷ್ಟೇ ಕೆಟ್ಟದ್ದು. ಹಿತ್ತಾಳೆ ಫಳಫಳ ಅನ್ನಬೇಕು, ಮರ ಕನ್ನಡಿಯಾಗಬೇಕು ಅಂತ ಮರಳುಕಾಗದ ಹಿಡಿದು ಕೂರುತ್ತಾರೆ. ಆ ಕಪ್ಪಾದ ಹಲಗೆಯ ಹಿಂದೆ ಏನಿರುತ್ತದೆ ಗೊತ್ತೇ? ಇಲ್ಲಿ ನನಗೆ ತುಂಬ ಪ್ರಿಯವಾದ ಒಂದು ಪ್ರಸಂಗವಿದೆ.

ಸ್ವಿಟ್ಜರ್ಲೆಂಡಿನ ಸೇವೆನ್ ಎಂಬ ಹಳ್ಳಿಯಲ್ಲಿ ಯಂತ್ರವಾದ್ಯಗಳ ಮ್ಯೂಸಿಯಂ ಇದೆ. ಹೈನ್‌ರಿಷ್ ವೈಸ್ ಎಂಬ ಸಂಗ್ರಾಹಕ 1979ರಲ್ಲಿ ತೆರೆದದ್ದು. 1990ರಲ್ಲಿ ಆತ ಇಡೀ ಸಂಗ್ರಹವನ್ನು ದೇಶಕ್ಕೇ ದಾನ ಕೊಟ್ಟ. ಅಲ್ಲಿ ವೆಲ್ಟೆ ಕಂಪನಿಯ ಒಂದು ದೊಡ್ಡ ಆರ್ಗನ್ ಇದೆ. ಸುರುಳಿ ಹಾಕಿದರೆ ತಾನಾಗಿ ನುಡಿಯುವಂಥದ್ದು. ವೈಸ್ ಅದನ್ನು 1969ರಲ್ಲಿ ಜರ್ಮನಿಯ ವಿಪರ್‌ಫ್ಯೂರ್ತ್ ಊರಿನ ಒಂದು ವಿದ್ಯುದ್ದೀಪ ಕಂಪನಿಯಿಂದ ಕೊಂಡಿದ್ದ. 1937ರಿಂದ ಅವರ ಸಭಾಂಗಣದಲ್ಲಿತ್ತು. ಅದಕ್ಕೂ ಮೊದಲು ಷ್ಟುಟ್‌ಗಾರ್ಟಿನ ಒಬ್ಬ ಕ್ಯಾಮೆರಾ ಉದ್ಯಮಿಯ ಬಂಗಲೆಯಲ್ಲಿತ್ತು. ಅದರಾಚೆಗೆ ಯಾರಿಗೂ ಗೊತ್ತಿರಲಿಲ್ಲ. 2007ರಲ್ಲಿ ಭಾಗ ಭಾಗ ಬಿಚ್ಚಿ ದುರಸ್ತಿ ಮಾಡುವಾಗ, ಸಾಮಾನ್ಯವಾಗಿ ಯಾರ ಕಣ್ಣಿಗೂ ಬೀಳದ ಜಾಗದಲ್ಲಿ ಒಂದು ಬರಹ ಕಂಡಿತು: ಬ್ರಿಟಾನಿಕ್. ಟೈಟಾನಿಕ್ ಹಡಗಿನ ತಂಗಿ ಹಡಗು. ಅದರ ಭವ್ಯ ಮೆಟ್ಟಿಲಿನ ಬಳಿ ಇಡಲೆಂದು ಕಟ್ಟಿದ ಆರ್ಗನ್ ಇದು. ಮಹಾಯುದ್ಧ ಬಂದು ಬ್ರಿಟಾನಿಕ್ ಆಸ್ಪತ್ರೆ ಹಡಗಾಯಿತು, 1916ರ ನವೆಂಬರ್ 21ರಂದು ಏಜಿಯನ್ ಸಮುದ್ರದಲ್ಲಿ ಮುಳುಗಿತು. ಆರ್ಗನ್ ಹಡಗು ಹತ್ತಲೇ ಇಲ್ಲ. ಹಿಂದಿನ ಯಾವುದೋ ಒಂದು ರಿಪೇರಿಯಲ್ಲಿ ಯಾರಾದರೂ ಆ ಮರವನ್ನು ಉಜ್ಜಿ ಹೊಸ ಪಾಲಿಶ್ ಹಾಕಿದ್ದರೆ ಈ ಚರಿತ್ರೆ ಹೊರಬೀಳುತ್ತಿರಲಿಲ್ಲ.

ಅದೇ ಸೇವೆನ್‌ನಲ್ಲಿ ಈ ಆರ್ಗನ್ನಿನ ಸುರುಳಿಗಳ ದೊಡ್ಡ ರಾಶಿ ಉಳಿದಿದೆ. ಜರ್ಮನಿಯ ಸಂಗೀತ ರಚನಕಾರ ಮ್ಯಾಕ್ಸ್ ರೇಗರ್ 1913ರಲ್ಲಿ ಫ್ರೈಬುರ್ಗ್‌ಗೆ ಹೋಗಿ ತನ್ನದೇ ಕೃತಿಗಳನ್ನು ಆರ್ಗನ್ ಸುರುಳಿಗೆ ನುಡಿಸಿದ್ದ. ಮೂರು ವರ್ಷದಲ್ಲಿ ತೀರಿಕೊಂಡ. ಸುರುಳಿಯ ಕಾಗದ ಹುಳಿಯಾಗಿ ಪುಡಿಯಾಗುವ ಮೊದಲೇ ಸ್ಕ್ಯಾನ್ ಮಾಡುವ ಕೆಲಸ ಬರ್ನ್ ನಗರದ ಕಲಾ ವಿಶ್ವವಿದ್ಯಾಲಯದವರ ಜೊತೆ ಸೇರಿ ನಡೆಯಿತು. ಯಂತ್ರವಾದ್ಯ ಕೊಳ್ಳುವ ಮ್ಯೂಸಿಯಂಗಳಿಗೆ ನಾನು ಸದಾ ಹೇಳುವ ಮಾತು ಇದು: ಯಂತ್ರವೊಂದನ್ನೇ ಕೊಳ್ಳಬೇಡಿ, ಅದರ ಸುರುಳಿ, ತಟ್ಟೆ, ರಟ್ಟಿನ ಪುಸ್ತಕ, ಹಳೆಯ ರಸೀದಿ, ರಿಪೇರಿಯವನು ಪೆನ್ಸಿಲಿನಲ್ಲಿ ಗೀಚಿದ ಚೀಟಿ ಎಲ್ಲ ಒಟ್ಟಿಗೆ ಬರಬೇಕು. ಮಾರುವವರು ಸುರುಳಿಗಳನ್ನು ಬಿಡಿಬಿಡಿಯಾಗಿ ಮಾರಿದರೆ ಹೆಚ್ಚು ಹಣ ಬರುತ್ತದೆಂದು ಒಡೆಯುತ್ತಾರೆ. ಒಡೆದ ಸಂಗ್ರಹ ಮತ್ತೆ ಕೂಡುವುದು ಅಪರೂಪ.

ಹಡಗಿನ ಕಥೆ ಬಂತಲ್ಲ, ಒಂದು ಎಚ್ಚರಿಕೆ ಹೇಳಿಬಿಡುತ್ತೇನೆ. ಟೈಟಾನಿಕ್ಕಿನ ವಾದ್ಯವೃಂದದ ನಾಯಕ ವಾಲೇಸ್ ಹಾರ್ಟ್ಲಿಯ ಪಿಟೀಲು 2013ರಲ್ಲಿ 9 ಲಕ್ಷ ಪೌಂಡಿಗೆ ಹರಾಜಾಯಿತು. ಕಥೆಗೆ ಅಷ್ಟು ಬೆಲೆ. ಹರಾಜಿಗೂ ಮುಂಚೆ ಆ ಪಿಟೀಲನ್ನು ವರ್ಷಗಟ್ಟಲೆ ಪರೀಕ್ಷೆ ಮಾಡಿದ್ದರು. ನಮ್ಮಲ್ಲಿ ಮಹಾರಾಜರ ಹೆಸರು ಅದೇ ಕೆಲಸ ಮಾಡುತ್ತದೆ. ಅರಮನೆಯದು ಅಂದರೆ ಸಾಕು, ಬೆಲೆ ಏರುತ್ತದೆ, ಕೇಳುವವರ ಬಾಯಿ ಮುಚ್ಚುತ್ತದೆ. ಮ್ಯೂಸಿಯಂ ಬಾಯಿ ಮುಚ್ಚಬಾರದು. ಬಾಚಣಿಗೆ ಒಂದು ಪೆಟ್ಟಿಗೆಯದು, ಉರುಳೆ ಇನ್ನೊಂದರದು, ಮರದ ಪೆಟ್ಟಿಗೆ ಮೂರನೆಯದು, ಹೀಗೆ ಕೂಡಿಸಿ ಮಾರುವುದು ಈ ವ್ಯಾಪಾರದಲ್ಲಿ ಹಳೆಯ ಅಭ್ಯಾಸ. ಮೊಳೆಗಳ ಸಾಲು ಹಲ್ಲಿನ ತುದಿಗೆ ನೇರ ಬರುತ್ತದೆಯೇ, ತಳಹಲಗೆಯಲ್ಲಿ ಬಳಸದ ಹಳೆಯ ಸ್ಕ್ರೂ ತೂತುಗಳಿವೆಯೇ, ಬಿಡಿಭಾಗಗಳ ಮೇಲೆ ಗೀರಿದ ಸಂಖ್ಯೆಗಳು ಹೊಂದುತ್ತವೆಯೇ ಎಂದು ನೋಡಿದರೆ ಬಹಳಷ್ಟು ತಿಳಿಯುತ್ತದೆ. ಆಯ್ಕೆ ಇದ್ದರೆ ನಾನು ನುಡಿಯುವ, ಹೊಳೆಯುವ ಪೆಟ್ಟಿಗೆಗಿಂತ ಧೂಳು ಹಿಡಿದು ನಿಂತುಹೋದ, ಯಾರೂ ಕೈಹಾಕದ ಪೆಟ್ಟಿಗೆಯನ್ನೇ ಆರಿಸುತ್ತೇನೆ.

ಕಾನೂನೂ ಇದೆ. ನಮ್ಮ 1972ರ ಪುರಾತನ ವಸ್ತು ಕಾಯಿದೆಯ ಪ್ರಕಾರ ನೂರು ವರ್ಷ ದಾಟಿದ ಇಂಥ ವಸ್ತುವನ್ನು ಖಾಸಗಿಯವರು ದೇಶದಾಚೆ ಸಾಗಿಸುವಂತಿಲ್ಲ, ಪರವಾನಗಿ ಇಲ್ಲದೆ ವ್ಯಾಪಾರ ಮಾಡುವಂತಿಲ್ಲ. ಕೀಲಿಗೆ ದಂತ ಹಾಕಿದ್ದರೆ ವನ್ಯಜೀವಿ ಕಾನೂನಿನ ಪ್ರಶ್ನೆ ಬೇರೆ. ಬ್ರಿಟನ್ನಿನಲ್ಲಿ 2018ರ ದಂತ ಕಾಯಿದೆ 1975ಕ್ಕೂ ಹಿಂದಿನ, ದಂತದ ಪಾಲು ಶೇಕಡ 20ಕ್ಕಿಂತ ಕಡಿಮೆ ಇರುವ ವಾದ್ಯಗಳಿಗೆ ನೋಂದಣಿಯ ಮೇಲೆ ವಿನಾಯಿತಿ ಕೊಟ್ಟಿದೆ. ಕೊಳ್ಳುವ ಮುನ್ನ ಕಾಗದಪತ್ರ ನೋಡದ ಮ್ಯೂಸಿಯಂ ಆಮೇಲೆ ವರ್ಷಗಟ್ಟಲೆ ಪರದಾಡುತ್ತದೆ.

ದಾನವಾಗಿ ಬಂದರೆ ಸುಲಭವೇ? ಅಮೆರಿಕದ ನ್ಯೂಜೆರ್ಸಿಯ ಮಾರಿಸ್ ಮ್ಯೂಸಿಯಂಗೆ 2003ರಲ್ಲಿ ಮರ್ಟಾ ಗಿನ್ನಿಸ್ ಎಂಬ ಸಂಗ್ರಾಹಕನ ಸುಮಾರು 750 ಯಂತ್ರವಾದ್ಯ, ಚಲಿಸುವ ಗೊಂಬೆಗಳು ಬಂದವು. ಅವಕ್ಕೆ ಸರಿಯಾದ ಪ್ರದರ್ಶನಾಲಯ ತೆರೆದದ್ದು 2007ರಲ್ಲಿ. ನಾಲ್ಕು ವರ್ಷ! ಹವೆ ನಿಯಂತ್ರಣ, ಜಾಗ, ಪಟ್ಟಿ, ಪ್ರತಿಯೊಂದಕ್ಕೂ ಆರೈಕೆ ಬಲ್ಲ ಕೈ, ಇವೆಲ್ಲ ಬೇಕು. ನೆದರ್‌ಲ್ಯಾಂಡಿನ ಉಟ್ರೆಕ್ಟ್‌ನ ಸ್ಪೀಲ್‌ಕ್ಲಾಕ್ ಮ್ಯೂಸಿಯಂ ಈ ವಿಷಯದಲ್ಲಿ ನನಗೆ ಮಾದರಿ. 1956ರ ಒಂದು ಪ್ರದರ್ಶನದಿಂದ ಹುಟ್ಟಿ, 1984ರಿಂದ ಮಧ್ಯಯುಗದ ಒಂದು ಚರ್ಚಿನೊಳಗೆ ನೆಲೆಸಿದೆ. ಅದಕ್ಕೆ ತನ್ನದೇ ದುರಸ್ತಿ ಕಾರ್ಯಾಗಾರವಿದೆ. ಕೊಳ್ಳುವಾಗಲೇ ಇದನ್ನು ಯಾರು ನೋಡಿಕೊಳ್ಳುತ್ತಾರೆ ಅನ್ನುವ ಉತ್ತರ ಅವರ ಕೈಯಲ್ಲಿರುತ್ತದೆ. ನಮ್ಮ ಮ್ಯೂಸಿಯಂಗಳಲ್ಲಿ ಕೊಳ್ಳಲು ಹಣ ಸಿಗುತ್ತದೆ, ನೋಡಿಕೊಳ್ಳುವವರ ಹುದ್ದೆ ಮಂಜೂರಾಗುವುದಿಲ್ಲ.

ಎಲ್ಲರೂ ಕೇಳುವ ಪ್ರಶ್ನೆ: ಇವನ್ನು ನುಡಿಸಬೇಕೇ, ಬೇಡವೇ? ನುಡಿಸಿದರೆ ಸವೆಯುತ್ತದೆ. ನುಡಿಸದಿದ್ದರೆ ಎಣ್ಣೆ ಅಂಟಾಗುತ್ತದೆ, ತೊಗಲು ಬಿರುಸಾಗುತ್ತದೆ, ಎಲ್ಲಕ್ಕಿಂತ ಮಿಗಿಲಾಗಿ ಅದನ್ನು ನಡೆಸಬಲ್ಲವರೇ ಇಲ್ಲವಾಗುತ್ತಾರೆ. ಇಂಗ್ಲೆಂಡಿನ ಬೋಸ್ ಮ್ಯೂಸಿಯಂನಲ್ಲಿ 1773ರ ಬೆಳ್ಳಿ ಹಂಸವಿದೆ. ಕತ್ತು ತಿರುಗಿಸಿ, ಬಗ್ಗಿ ಮೀನು ಹಿಡಿಯುತ್ತದೆ, ಅಡಿಯಲ್ಲಿ ಗಂಟೆಗಳ ಸಂಗೀತ. ಮ್ಯೂಸಿಯಂ ಕಟ್ಟಿದ ದಂಪತಿ 1872ರಲ್ಲಿ ಅದನ್ನು 200 ಪೌಂಡಿಗೆ ಕೊಂಡಿದ್ದರು. ದಿನಕ್ಕೊಮ್ಮೆ ಮಾತ್ರ, ಒಂದು ನಿಮಿಷಕ್ಕೂ ಕಡಿಮೆ ಹೊತ್ತು ಅದನ್ನು ನಡೆಸುತ್ತಿದ್ದರು. ಕೋವಿಡ್ ಕಾಲದಲ್ಲಿ ಮ್ಯೂಸಿಯಂ ಮುಚ್ಚಿ, ಹಂಸ ಸುಮ್ಮನೆ ನಿಂತು ಕೆಟ್ಟಿತು. ಪೂರ್ತಿ ಬಿಚ್ಚಿ ಸರಿಪಡಿಸಿದ ಮೇಲೆ 2024ರಲ್ಲಿ ಮತ್ತೆ ಕತ್ತೆತ್ತಿತು. ರಷ್ಯಾದ ಸೇಂಟ್ ಪೀಟರ್ಸ್‌ಬರ್ಗಿನ ಹರ್ಮಿಟೇಜ್ ಮ್ಯೂಸಿಯಂನ ನವಿಲು ಗಡಿಯಾರಕ್ಕೆ ವಾರಕ್ಕೊಮ್ಮೆ ಕೀ ಕೊಡುತ್ತಾರೆ. ಹೈದರಾಬಾದಿನ ಸಾಲಾರ್ ಜಂಗ್ ಮ್ಯೂಸಿಯಂನಲ್ಲಿ ಗಂಟೆ ಬಾರಿಸಲು ಹೊರಬರುವ ಪುಟ್ಟ ಗೊಂಬೆಗಾಗಿ ಜನ ಮುಂಚಿತವಾಗಿ ಕೂತಿರುವುದನ್ನು ನೀವೂ ನೋಡಿರಬಹುದು. ಮೈಸೂರಿನ ಜಗನ್ಮೋಹನ ಅರಮನೆಯಲ್ಲೂ ಸಿಪಾಯಿ ಗೊಂಬೆಗಳ ಫ್ರೆಂಚ್ ಗಡಿಯಾರವಿದೆ.

ನನ್ನ ನಿಲುವು ಹೀಗಿದೆ. ಗಟ್ಟಿಯಾಗಿರುವುದನ್ನು ಸ್ವಲ್ಪವೇ, ವೇಳಾಪಟ್ಟಿ ಹಾಕಿ ನುಡಿಸಿ. ಪ್ರತಿ ಸಲ ಬರೆದಿಡಿ. ಒಂದೇ ಒಂದು ಉಳಿದಿರುವುದನ್ನು, ಮೂಲ ತೊಗಲು, ಮೂಲ ಅಂಟು ಇನ್ನೂ ಒಳಗಿರುವುದನ್ನು ಮುಟ್ಟಬೇಡಿ. ಅಳೆದು, ಎಕ್ಸ್‌ರೇ ತೆಗೆದು, ಪ್ರತಿಕೃತಿ ಮಾಡಿ ಅದನ್ನು ನುಡಿಸಿ. ಹುಲಿಯ ವಿಷಯದಲ್ಲಿ ನನ್ನ ಆಸೆಯೂ ಅದೇ. ಮೂಲ ಎಲ್ಲಿರಬೇಕು ಅನ್ನುವ ವಾದ ಮುಗಿಯುವವರೆಗೆ ಕಾಯಬೇಕಿಲ್ಲ. ಶ್ರೀರಂಗಪಟ್ಟಣದಲ್ಲಿ ಮಕ್ಕಳು ಕೈಯಾರೆ ಹಿಡಿಕೆ ತಿರುಗಿಸಬಹುದಾದ, ತಿದಿ, ಕೊಳವೆ, ಕೀಲಿ ಎಲ್ಲ ಇರುವ ಹುಲಿಯೊಂದು ಬೇಕು. ಕೈಗಳಿಗೆ ಬರವಿಲ್ಲ: ಮರ ಕೆತ್ತುವವರು ಮೈಸೂರಿನಲ್ಲಿದ್ದಾರೆ, ಹಾರ್ಮೋನಿಯಂ ತಿದಿಗೆ ಹೊಸ ತೊಗಲು ಹಾಕುವವರು ಹುಬ್ಬಳ್ಳಿ ಧಾರವಾಡದಲ್ಲಿದ್ದಾರೆ. ಅವರನ್ನೂ ಆರ್ಗನ್ ಬಲ್ಲವರನ್ನೂ ಒಂದೇ ಮೇಜಿನ ಸುತ್ತ ಕೂರಿಸಬೇಕು.

ಕೊನೆಗೆ, ನಿಮ್ಮ ಮನೆಯ ಅಟ್ಟದ ಮೇಲೆ ಅಜ್ಜನ ಕಾಲದ ಸಂಗೀತ ಪೆಟ್ಟಿಗೆಯೋ, ಹಾಡುವ ಗಡಿಯಾರವೋ ಇದ್ದರೆ ಏನು ಮಾಡಬೇಕು? ಮೊದಲು, ಕೀ ಕೊಡಬೇಡಿ. ಒಳಗೆ ಈಗಾಗಲೇ ಕೀ ತುಂಬಿರಬಹುದು, ಸಾಗಿಸುವ ಮುನ್ನ ತಿಳಿದವರಿಂದ ಬಲ ಇಳಿಸಿಕೊಳ್ಳಿ. ಎಣ್ಣೆ ಹಾಕಬೇಡಿ, ಕೊಬ್ಬರಿ ಎಣ್ಣೆಯಂತೂ ಖಂಡಿತ ಬೇಡ. ಎಲ್ಲ ಬದಿಯಿಂದ ಫೋಟೋ ತೆಗೆಯಿರಿ, ಮುಚ್ಚಳದ ಒಳಗೆ ಅಂಟಿಸಿದ ಹಾಡುಗಳ ಪಟ್ಟಿಯನ್ನೂ ಸೇರಿಸಿ. ಮನೆಯ ಹಿರಿಯರನ್ನು ಕೂರಿಸಿಕೊಂಡು ಇದು ಯಾರು ತಂದದ್ದು, ಯಾವ ಊರಿಂದ, ಯಾವ ಹಾಡು ಬರುತ್ತಿತ್ತು ಅಂತ ಕೇಳಿ ಫೋನಿನಲ್ಲಿ ರೆಕಾರ್ಡ್ ಮಾಡಿಕೊಳ್ಳಿ. ಉದುರಿದ ಹಲ್ಲು, ಮುರಿದ ಕಡ್ಡಿ ಸಿಕ್ಕರೆ ಕಸಕ್ಕೆ ಹಾಕದೆ ಒಂದು ಲಕೋಟೆಯಲ್ಲಿಟ್ಟು, ಎಲ್ಲಿ ಸಿಕ್ಕಿತು ಅಂತ ಬರೆದು, ಅದೇ ಪೆಟ್ಟಿಗೆಯ ಜೊತೆ ಕಟ್ಟಿಡಿ.